ಪಿನ್ನುಗಳಿಗೆ ಸಹಿ ಹಾಕಿದ ವರ್ಷ

ಹೋದ ತಿಂಗಳು ಮಗಳನ್ನು ಕರೆದುಕೊಂಡು ಇಲ್ಲೇ ಹತ್ತಿರದ ಒಂದು ಕಾಲೇಜಿನ ಓಪನ್ ಡೇಗೆ ಹೋಗಿದ್ದೆ. ಮುಂದೆ ಏನು ಓದಬೇಕೆಂದು ಆಕೆ ಇನ್ನೂ ಗಟ್ಟಿ ಮಾಡಿಕೊಂಡಿರಲಿಲ್ಲ. ವರ್ಕ್‌ಶಾಪಿನ ಬಾಗಿಲು ತೆರೆದ ಕೂಡಲೇ ಕೂಲಂಟಿನ ವಾಸನೆ ಮೂಗಿಗೆ ಬಡಿಯಿತು. ಲೋಹ ಕೊರೆಯುವಾಗ ಬಿಸಿಯಾಗದಿರಲೆಂದು ಸುರಿಸುವ, ನೀರುಮಜ್ಜಿಗೆಯಂತೆ ಕಾಣುವ ಎಣ್ಣೆನೀರು ಅದು. ನನಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಮಗಳು ಒಳಗೆ ಹೋಗಿ ಒಂದು ಲೇತ್ ನೋಡಿ ವಾಪಸು ಬಂದು, "ಅಮ್ಮಾ, ಯು ಓಕೆ?" ಅಂದಳು. ನಾನು ಹಿಂದೆ ಇಂಥದ್ದೇ ಕಡೆ ಕೆಲಸ ಮಾಡುತ್ತಿದ್ದೆ ಎಂಬುದು ಆಕೆಗೆ ಗೊತ್ತು. ಯಾಕೆ ಬಿಟ್ಟೆ ಎಂದು ಕೇಳಿದಳು. ಬೇಜಾರಾಯ್ತು, ಬಿಟ್ಟೆ ಎಂದೆ. ಅದು ಸುಳ್ಳು.

ಹತ್ತು ವರ್ಷದ ಹಿಂದಿನ ಮಾತು. ಆಗ ನಾವು ಓಲ್ಡ್‌ಬರಿ ಎಂಬ ಇಂಗ್ಲಿಷ್ ಊರಿನ ಒಂದು ಸಾಲುಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಬೆಳಗಾವಿಯ ಉದ್ಯಮಬಾಗದ ಸದ್ದಿನಲ್ಲೇ ಬೆಳೆದವಳು. ಅಪ್ಪ ಅಲ್ಲಿಯ ಫೌಂಡ್ರಿಯೊಂದರಲ್ಲಿ ಮರದ ಅಚ್ಚು ಮಾಡುತ್ತಿದ್ದರು. ನಾನು ಇಂಜಿನಿಯರಿಂಗ್ ಮುಗಿಸಿ, ಬಿಡಿಭಾಗಗಳ ಅಳತೆ ನೋಡಿ ಪಾಸು ಮಾಡುವ ಕೆಲಸಕ್ಕೆ ಸೇರಿ, ಆ ಕೆಲಸದ ಮೇಲೆಯೇ ಇಲ್ಲಿಯ ಒಂದು ಫ್ಯಾಕ್ಟರಿಗೆ ಬಂದೆ. ನನ್ನ ವೀಸಾ ಆ ಫ್ಯಾಕ್ಟರಿಯ ಸ್ಪಾನ್ಸರ್‌ಶಿಪ್ ಮೇಲೆ ನಿಂತಿತ್ತು. ಗಂಡ ಗಿರೀಶ ಮತ್ತು ಮಗಳು ನನ್ನ ವೀಸಾದ ಮೇಲೆ. ಊರಲ್ಲಿ ರಸ್ತೆ, ಸೇತುವೆ ಕಟ್ಟಿಸಿದ್ದ ಗಿರೀಶ ಇಲ್ಲಿ ಸೂಪರ್ ಮಾರ್ಕೆಟ್ಟಿನ ಡೆಲಿವರಿ ವ್ಯಾನ್ ಓಡಿಸುತ್ತಿದ್ದರು. ನನ್ನ ಕೆಲಸ ಹೋದರೆ ಎರಡು ತಿಂಗಳಲ್ಲಿ ಇನ್ನೊಬ್ಬ ಸ್ಪಾನ್ಸರ್ ಸಿಗಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಇಲ್ಲೇ ಕಾಯಂ ನೆಲೆಸುವ ಅನುಮತಿ, ಅಂದರೆ ಸೆಟಲ್‌ಮೆಂಟ್, ಸಿಗುವುದಕ್ಕೆ ಇನ್ನೂ ಒಂದು ವರ್ಷವಿತ್ತು.

ಅಳತೆಯ ಕೋಣೆಯಲ್ಲಿ ನಾವು ಇಬ್ಬರೇ. ನಾನು, ಮತ್ತು ನನ್ನ ಮೇಲಿನವರಾದ ನಾಸಿರ್. ಯೆಮೆನ್ ದೇಶದವರು, ಐವತ್ತೈದು ದಾಟಿದವರು. ಅವರ ತಂದೆ ಹಿಂದೆ ಈ ಕಡೆಯ ಕುಲುಮೆಗಳಲ್ಲಿ ಕೆಲಸ ಮಾಡಲು ಬಂದವರಲ್ಲೊಬ್ಬರು. ಹನ್ನೆರಡನೇ ವಯಸ್ಸಿಗೆ ಮಗನನ್ನೂ ಕರೆಸಿಕೊಂಡರು. ತಂಗಿ, ತಮ್ಮ ಮಾತ್ರ ತಾಯಿಯ ಜೊತೆ ಅಲ್ಲೇ ಉಳಿದರು. ನಾಸಿರ್ ಮಾತು ಅಪ್ಪಟ ಇಲ್ಲಿಯದು. ನನ್ನನ್ನು 'ಬ್ಯಾಬ್' ಎಂದು ಕರೆಯುತ್ತಿದ್ದರು, ಈ ಕಡೆ ಹಿರಿಯರು ಕಿರಿಯರನ್ನು ಅಕ್ಕರೆಯಿಂದ ಕರೆಯುವ ಹಾಗೆ. ಅಳೆಯುವುದನ್ನು ಕಾಲೇಜಿನಲ್ಲಿ ಕಲಿತಿದ್ದೆ, ಬೆಳಗಾವಿಯಲ್ಲಿ ಅದನ್ನೇ ಮಾಡಿದ್ದೆ, ಆದರೆ ಕೈಗೆ ಬಂದದ್ದು ಅವರಿಂದ. ಮೈಕ್ರೋಮೀಟರನ್ನು ಬಿಗಿಯಾಗಿ ತಿರುಗಿಸಿದರೆ ನಮಗೆ ಬೇಕಾದ ಅಳತೆ ಬರುತ್ತದೆ, ಮೆಲ್ಲಗೆ ತಿರುಗಿಸಿದರೆ ಇರುವ ಅಳತೆ ಬರುತ್ತದೆ ಎನ್ನುತ್ತಿದ್ದರು.

ಆ ಕೋಣೆ ವರ್ಷವಿಡೀ ಇಪ್ಪತ್ತು ಡಿಗ್ರಿ. ಉಕ್ಕು ಸೆಕೆಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಕಿಟಕಿಯೂ ಇರಲಿಲ್ಲ. ಬೆಳಿಗ್ಗೆ ಕತ್ತಲಲ್ಲಿ ಒಳಗೆ ಹೋಗಿ ಸಂಜೆ ಕತ್ತಲಲ್ಲಿ ಹೊರಗೆ ಬರುತ್ತಿದ್ದೆವು. ಆ ಚಳಿಗಾಲ ಹಿಮವೂ ಬೀಳಲಿಲ್ಲ, ಬಿಸಿಲೂ ಬೀಳಲಿಲ್ಲ. ಸುಮ್ಮನೆ ತಿಂಗಳುಗಟ್ಟಲೆ ಹನಿಯುತ್ತಿತ್ತು. ಪಾರ್ಕಿಂಗಿನ ಡಾಂಬರು ಒಣಗಿದ್ದು ನೋಡಿದ ನೆನಪಿಲ್ಲ.

ನಾವು ನೋಡುತ್ತಿದ್ದದ್ದು ಬೆರಳುದ್ದದ ಉಕ್ಕಿನ ಪಿನ್ನುಗಳು. ಪ್ರತಿ ಪೆಟ್ಟಿಗೆಯ ಜೊತೆ ಒಂದು ಹಾಳೆ ಹೋಗುತ್ತಿತ್ತು. ಅದರಲ್ಲಿ ಎರಡು ಸಹಿ: ಅಳೆದವರದ್ದು ಒಂದು, ಪರಿಶೀಲಿಸಿದವರದ್ದು ಇನ್ನೊಂದು. ಮೊದಲನೆಯದು ನಾಸಿರ್ ಹಾಕುತ್ತಿದ್ದರು, ಎರಡನೆಯದು ನಾನು. ಹಾಳೆಯಲ್ಲಿ ಪಾರ್ಟ್ ನಂಬರ್ ಇರುತ್ತಿತ್ತೇ ಹೊರತು ಯಾವ ಯಂತ್ರಕ್ಕೆ ಎಂದು ಇರುತ್ತಿರಲಿಲ್ಲ. ಆ ಶರತ್ಕಾಲದಲ್ಲಿ ಆರ್ಡರ್ ದುಪ್ಪಟ್ಟಾಯಿತು. ಕೆಲಸ ವಾರಕ್ಕೆ ಆರು ದಿನವಾಯಿತು.

ನವೆಂಬರಿನ ಒಂದು ಬೆಳಿಗ್ಗೆ ಮ್ಯಾನೇಜರ್ ಕೀತ್ ಕ್ಯಾಂಟೀನಿನ ನೋಟಿಸ್ ಬೋರ್ಡಿಗೆ ಒಂದು ದೊಡ್ಡ ಚಿತ್ರ ಅಂಟಿಸಿದ. ಮರಳಿನ ಬಣ್ಣದ ರನ್‌ವೇ ಮೇಲೆ ನಿಂತ ಯುದ್ಧವಿಮಾನ. ಕೆಳಗೆ, ಗ್ರಾಹಕರು ಸಂತೋಷಪಟ್ಟಿದ್ದಾರೆ, ನಿಮಗೆಲ್ಲ ಧನ್ಯವಾದ ಎಂದು ಬರೆದಿತ್ತು. ಜೊತೆಗೆ ಎಲ್ಲರಿಗೂ ಬೇಕನ್ ರೋಲು, ಹಂದಿ ತಿನ್ನದವರಿಗೆ ಮೊಟ್ಟೆಯದು. ನಾಸಿರ್ ಟೀ ಕಪ್ಪು ಹಿಡಿದುಕೊಂಡು ಆ ಚಿತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದರು. ಟೀ ಆರಿಹೋಯಿತು. ವಿಮಾನದ ಬಾಲದ ಮೇಲಿನ ಹಸಿರು ಬಾವುಟವನ್ನು ನಾನೂ ನೋಡಿದೆ. ಏನೂ ಹೊಳೆಯಲಿಲ್ಲ.

ಅವತ್ತು ಊಟದ ಹೊತ್ತಿಗೆ ಅವರೇ ಹೇಳಿದರು: ಅದು ಸೌದಿಯ ಬಾವುಟ, ನಮ್ಮ ಪಿನ್ನು ಹೋಗುವುದು ಆ ವಿಮಾನಕ್ಕೆ, ಅದು ಬಾಂಬು ಹಾಕುವುದು ಯೆಮೆನ್ ಮೇಲೆ. ಅದುವರೆಗೆ ನನಗೆ ಯೆಮೆನ್ ಯುದ್ಧವೆಂದರೆ ಟಿವಿಯಲ್ಲಿ ಒಂದು ನಿಮಿಷ ಬಂದು ಹೋಗುವ ಸುದ್ದಿ.

"ನಾನು ಇಲ್ಲಿಗೆ ಬಂದಾಗ ಅದು ಎರಡು ದೇಶ," ಅಂದರು. "ಉತ್ತರ ಬೇರೆ, ದಕ್ಷಿಣ ಬೇರೆ. ಆಮೇಲೆ ಒಂದಾಯಿತು. ನಮ್ಮಪ್ಪ ಬೀದಿಯವರಿಗೆಲ್ಲ ಸಿಹಿ ಹಂಚಿದ್ದ. ಒಂದಾದ ನಾಲ್ಕು ವರ್ಷಕ್ಕೆ ಹೊಡೆದಾಡಿಕೊಂಡರು. ಮೇಲೆ ಹೊಲಿಗೆ ಹಾಕಿದರು, ಒಳಗಿನ ಗಾಯ ಹಾಗೇ ಇತ್ತು. ಈಗ ಉತ್ತರದ ಗುಡ್ಡದವರು ಇಳಿದುಬಂದು ರಾಜಧಾನಿ ಹಿಡಿದರು. ಓಡಿಹೋದ ಅಧ್ಯಕ್ಷ ಸೌದಿಯವರನ್ನು ಕರೆದ. ಸೌದಿಯವರು ಎಮಿರೇಟ್ಸ್‌ನವರನ್ನು ಜೊತೆಗೆ ಕರಕೊಂಡು ಬಂದರು. ಗುಡ್ಡದವರ ಬೆನ್ನಿಗೆ ಇರಾನ್ ನಿಂತಿತು. ಸೌದಿಗೆ ವಿಮಾನ ಬೇಕು, ಬಾಂಬು ಬೇಕು. ಅಮೆರಿಕ ಕೊಟ್ಟಿತು, ನಾವು ಕೊಟ್ಟೆವು."

"ನಾವು ಅಂದರೆ?"

"ನಾವು ಅಂದರೆ ನಾವೇ, ಬ್ಯಾಬ್. ಮತ್ತೆ ಇನ್ಯಾರು? ನಾನು ನಲವತ್ತು ವರ್ಷದಿಂದ ಇಲ್ಲಿ ತೆರಿಗೆ ಕಟ್ಟಿದ್ದೀನಿ."

ಊಟದ ಡಬ್ಬಿ ಮುಚ್ಚಿ ಮತ್ತೆ ಹೇಳಿದರು. "ಜಗಳ ನಮ್ಮದೇ. ಅದನ್ನ ನಾನು ಬೇರೆಯವರ ತಲೆಗೆ ಕಟ್ಟಲ್ಲ. ಆದರೆ ಇಬ್ಬರೇ ಹೊಡೆದಾಡಿದರೆ ಒಂದು ದಿನ ಸುಸ್ತಾಗಿ ಕೂತ್ಕೋತಾರೆ. ಹಿಂದೆ ನಿಂತವರು ಕಲ್ಲು ಎತ್ತಿ ಎತ್ತಿ ಕೊಡ್ತಾ ಇದ್ದರೆ ಕೈ ಸೋಲೋದೇ ಇಲ್ಲ. ಈಗ ಜಗಳ ನಿಲ್ಲಿಸು ಅಂತ ಹೇಳೋಕೆ ಯಾರ ಹತ್ತಿರ ಹೋಗಬೇಕೋ ಗೊತ್ತಿಲ್ಲ. ಜಗಳ ಆಡಿದವರ ಹತ್ತಿರ ಅದು ಉಳಿದಿಲ್ಲ."

ಅವರ ಮನೆಯೇ ಎರಡು ಭಾಗವಾಗಿತ್ತು. ತಂಗಿ ಹಲೀಮಾ ರಾಜಧಾನಿ ಸನಾದಲ್ಲಿ, ಗಂಡ ಶಾಲೆಯ ಮೇಷ್ಟರು. ತಮ್ಮ ಸಾಲೆಹ್ ದಕ್ಷಿಣದ ಏಡನ್ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನು, ಅಲ್ಲಿಯ ಹುಡುಗಿಯನ್ನೇ ಮದುವೆಯಾದವನು. ಬಂದರು ನಿಂತ ಮೇಲೆ ಆತ ಎಮಿರೇಟ್ಸ್‌ನವರು ಸಂಬಳ ಕೊಟ್ಟು ಕಟ್ಟಿದ ದಕ್ಷಿಣದವರ ಪಡೆಗೆ ಸೇರಿದ್ದ. ಹಲೀಮಾಳ ಹಿರಿಮಗ ಯಾಹ್ಯಾ ಉತ್ತರದವರ ಜೊತೆ ಹೋಗಿದ್ದ. ಅವನಿಗೆ ಹತ್ತೊಂಬತ್ತು.

ಮಾರನೆ ದಿನ ನಾಸಿರ್ ಕೀತ್ ಹತ್ತಿರ ಹೋಗಿ, ಈ ಪಿನ್ನುಗಳ ಕೆಲಸ ಬಿಟ್ಟು ಬೇರೆ ಏನಾದರೂ ಕೊಡು ಎಂದು ಕೇಳಿದರು. ಕೀತ್ ಕೆಟ್ಟವನಲ್ಲ. ನಾಸಿರ್ ತಂದೆ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. "ಬೇರೆ ಕೆಲಸ ಎಲ್ಲಿದೆ, ನಾಸ್?" ಅಂದ. "ಈ ಆರ್ಡರ್ ಇಲ್ಲದಿದ್ದರೆ ಹೋದ ವರ್ಷವೇ ಬಾಗಿಲು ಮುಚ್ಚುತ್ತಿದ್ದೆವು. ನಾವು ಮಾಡೋದು ಪಿನ್ನು. ಹಾರಿಸೋರು ನಾವಲ್ಲ."

ಜನವರಿಯಲ್ಲಿ ಹಲೀಮಾ ಇದ್ದ ಬೀದಿಯ ಪಕ್ಕದ ಬೀದಿಗೆ ಬಾಂಬು ಬಿತ್ತು. ಫೋನ್ ಸತ್ತುಹೋಯಿತು. ಹನ್ನೊಂದು ದಿನ ಸುದ್ದಿಯಿಲ್ಲ. ನಾಸಿರ್ ಒಂದು ದಿನವೂ ರಜೆ ಹಾಕಲಿಲ್ಲ. ಮನೆಯಲ್ಲಿದ್ದರೆ ಹೆಂಡತಿ ಟಿವಿ ಆರಿಸಲು ಬಿಡುವುದಿಲ್ಲ ಎಂದರು. ಅಳತೆಯ ಕೋಣೆಗೆ ಮೊಬೈಲ್ ತರುವಂತಿರಲಿಲ್ಲ. ಅವರು ತಂದು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಳ್ಳುತ್ತಿದ್ದರು. ನಾನು ಆ ಕಡೆ ನೋಡುತ್ತಿರಲಿಲ್ಲ. ಅದು ಬೆಳಗಿದಾಗಲೆಲ್ಲ ಅವರ ಕೈ ಮೈಕ್ರೋಮೀಟರಿನ ಮೇಲೆ ನಿಲ್ಲುತ್ತಿತ್ತು. ನೋಡಿದರೆ ಎಂಥದೋ ಜಾಹೀರಾತು. ಅವರು ಆ ಪಿನ್ನನ್ನು ಮತ್ತೆ ಮೊದಲಿನಿಂದ ಅಳೆಯುತ್ತಿದ್ದರು.

ಹನ್ನೆರಡನೇ ದಿನ ಕರೆ ಬಂತು. ಹಲೀಮಾ ಬದುಕಿದ್ದಳು. ಮನೆಯ ಒಂದು ಗೋಡೆ ಹೋಗಿತ್ತು, ಗಂಡನ ಅಣ್ಣನ ಮನೆಯಲ್ಲಿದ್ದರು. ನಾಸಿರ್ ಕಾರಿಡಾರಿನಲ್ಲಿ ಗೋಡೆಗೊರಗಿ ಕುಳಿತು ಮಾತಾಡಿದರು. ಒಳಗೆ ಬಂದು, "ಅಕ್ಕಿ ಡಬ್ಬದ ಚಿಂತೆ ಮಾಡ್ತಾ ಇದ್ದಾಳೆ, ಅದರ ಮೇಲೆ ಗೋಡೆ ಬಿದ್ದಿದೆಯಂತೆ," ಎಂದು ನಕ್ಕರು. ನಕ್ಕವರು ಹಾಗೆಯೇ ಮುಖ ಮುಚ್ಚಿಕೊಂಡರು. ನಾನು ನೀರು ತಂದುಕೊಟ್ಟೆ. ನನಗೆ ತೋಚಿದ್ದು ಅಷ್ಟೇ.

ಅದಾದ ಎರಡು ವಾರಕ್ಕೆ ನನ್ನ ಸರದಿ ಬಂತು. ನಾಸಿರ್ ಒಂದು ಇಡೀ ಪೆಟ್ಟಿಗೆಯನ್ನು ತಿರಸ್ಕರಿಸಿದರು. ಪಿನ್ನಿನ ಒಂದು ತುದಿ ಕೂದಲಿನ ಹತ್ತನೇ ಒಂದು ಪಾಲಿನಷ್ಟು ತೆಳ್ಳಗಿದೆ ಎಂದು ಬರೆದರು. ಮತ್ತೊಂದನ್ನೂ ತಿರಸ್ಕರಿಸಿದರು. ಶುಕ್ರವಾರ ಅವರು ಪ್ರಾರ್ಥನೆಗೆ ಹೋದ ಹೊತ್ತಿನಲ್ಲಿ ಕೀತ್ ನನ್ನನ್ನು ಆಫೀಸಿಗೆ ಕರೆದು ಬಾಗಿಲು ಹಾಕಿದ.

"ನನಗೆ ಅವನ ಮೇಲೆ ಗೌರವ ಇದೆ," ಅಂದ. "ಆದರೆ ಅವನ ಮನಸ್ಸು ಸರಿಯಿಲ್ಲ ಈಗ. ಬೇಕು ಅಂತಲೇ ತಿರಸ್ಕರಿಸ್ತಾ ಇರಬಹುದು. ನಾಳೆ ಅವನಿಗೆ ರಜೆ. ನೀನು ಆ ಎರಡು ಪೆಟ್ಟಿಗೆ ಮತ್ತೆ ಅಳೆದುಬಿಡು. ಅವನಿಗೆ ಹೇಳೋ ಅಗತ್ಯ ಇಲ್ಲ." ನಾನು ಏಳಲು ಹೋದಾಗ, "ನಿನ್ನ ಸೆಟಲ್‌ಮೆಂಟ್ ಪತ್ರಕ್ಕೆ ಈ ವರ್ಷ ನಾವು ಸಹಿ ಹಾಕಿಕೊಡಬೇಕಲ್ವಾ?" ಎಂದೂ ಕೇಳಿದ. ಬೆದರಿಸಿದನೋ, ಸುಮ್ಮನೆ ನೆನಪಾಗಿ ಕೇಳಿದನೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಸಂಜೆ ಗಿರೀಶ ಅವರಿಗೆ ಹೇಳಿದೆ. ಅವರು ಸಿಂಕಿನ ಮುಂದೆ ಮಗಳ ಊಟದ ಡಬ್ಬಿ ತೊಳೆಯುತ್ತಿದ್ದರು.

"ಅಳತಿ ನೋಡಂದಾರ, ನೋಡು. ಸುಳ್ಳ ಬರೀ ಅಂತೇನ ಅಂದಿಲ್ಲಲ್ಲ," ಅಂದರು.

"ಅವರಿಗೆ ಹೇಳದ ನೋಡೂದು ಅಂದ್ರ ಮೋಸ ಅಲ್ಲೇನ್ರೀ?"

ಅವರು ನಲ್ಲಿ ನಿಲ್ಲಿಸಿದರು. "ಹೌದು, ಮೋಸನ. ಆದ್ರ ಶೈಲಾ, ನಾ ದಿನಾ ಮಂದಿ ಮನಿ ಬಾಗಲಕ್ಕ ಹಾಲು, ಬ್ರೆಡ್ಡು ಇಟ್ಟ ಬರ್ತೀನಿ. ಇನ್ನೊಂದು ವರ್ಷ ತಡಕೋಬಹುದು. ಈಗ ಎಲ್ಲಾ ಬಿಟ್ಟ ಹೋಗೂದಂದ್ರ ನನ್ನ ಕಡೆ ಆಗೂದಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಜಗಳ ಆಡುತ್ತಿದ್ದೆನೇನೋ.

ಶನಿವಾರ ಒಬ್ಬಳೇ ಕೂತು ಎರಡೂ ಪೆಟ್ಟಿಗೆ ಅಳೆದೆ. ಒಂದೊಂದು ಪಿನ್ನನ್ನೂ ಮೂರು ಸಲ. ನಾಸಿರ್ ಬರೆದಿದ್ದ ಅಂಕಿಯೇ ಬಂತು. ಒಂದು ಪಿನ್ನಿನಲ್ಲೂ ಅವರ ಅಳತೆ ತಪ್ಪಿರಲಿಲ್ಲ. ಕೊರೆಯುವ ಯಂತ್ರದ ಒಂದು ಹಲ್ಲು ಸವೆದದ್ದು ಆಮೇಲೆ ಗೊತ್ತಾಯಿತು. ಕೀತ್ ಹಾಳೆ ನೋಡಿ, "ಸರಿ ಬಿಡು, ಒಳ್ಳೆಯದಾಯಿತು," ಎಂದು ನಿಟ್ಟುಸಿರಿಟ್ಟ.

ಸೋಮವಾರ ನಾಸಿರ್ ಬಂದು ಪೆಟ್ಟಿಗೆ ನೋಡಿದರು. ಪಿನ್ನುಗಳನ್ನು ಅವರು ಯಾವಾಗಲೂ ತಲೆ ಎಡಕ್ಕೆ ಬರುವಂತೆ ಜೋಡಿಸುತ್ತಿದ್ದರು. ನಾನು ಅವಸರದಲ್ಲಿ ಬಲಕ್ಕೆ ಜೋಡಿಸಿದ್ದೆ.

"ಯಾರು ತೆಗೆದದ್ದು ಇದನ್ನ?"

"ನಾನು. ಕೀತ್ ಹೇಳಿದ, ಶನಿವಾರ."

ಅವರು ನನ್ನ ಮುಖ ನೋಡಲಿಲ್ಲ. "ಎಷ್ಟು ಬಂತು?"

"ನೀವು ಬರೆದಷ್ಟೇ."

"ನಾನು ಕೆಟ್ಟ ಪಿನ್ನು ಪಾಸು ಮಾಡಬಹುದಿತ್ತು, ಗೊತ್ತಾ? ಆ ವಿಮಾನ ಬೀಳಲಿ ಅಂತ. ಹನ್ನೊಂದು ದಿನವೂ ಅದೇ ಯೋಚಿಸಿದೆ. ಅದರೊಳಗೂ ಒಬ್ಬ ಕೂತಿರ್ತಾನೆ, ಬಿದ್ದರೆ ಇನ್ಯಾರದೋ ಮನೆ ಮೇಲೆ ಬೀಳುತ್ತೆ. ಆಗಲಿಲ್ಲ ನನ್ನ ಕೈಲಿ. ಒಳ್ಳೆಯದನ್ನ ಕೆಟ್ಟದ್ದು ಅಂತ ಬರೆಯೋಕೂ ಆಗಲಿಲ್ಲ. ಕೀತ್‌ಗೆ ಅದು ಗೊತ್ತಾಗಲ್ಲ, ಅವನು ಅಳೆಯೋನಲ್ಲ. ನಿನಗೆ ಗೊತ್ತಿರಬೇಕಿತ್ತು."

ವೀಸಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಸಣ್ಣ ಕೋಣೆಯಲ್ಲಿ ಅದನ್ನು ಹೇಳಲು ನಾಚಿಕೆಯಾಯಿತು.

ಅವತ್ತು ಮಧ್ಯಾಹ್ನದ ಪೆಟ್ಟಿಗೆಯನ್ನು ನಾಸಿರ್ ಅಳೆದರು, ಅಂಕಿ ಬರೆದರು, ಸಹಿಯ ಜಾಗ ಖಾಲಿ ಬಿಟ್ಟರು. ಕೀತ್ ಬಂದ. ಇಬ್ಬರೂ ಎತ್ತರದ ದನಿಯಲ್ಲಿ ಮಾತಾಡಲಿಲ್ಲ. ಆಗಲ್ಲ ಅಂದರು ನಾಸಿರ್. ಹಾಗಾದರೆ ನಿನ್ನನ್ನು ಇಲ್ಲಿ ಇಟ್ಟುಕೊಳ್ಳೋದು ಹೇಗೆ ಅಂದ ಕೀತ್. ಗೊತ್ತು ಅಂದರು. ಮೂವತ್ತು ವರ್ಷ ಕೆಲಸ ಮಾಡಿದ ಮನುಷ್ಯ ತನ್ನ ಕಪ್ಪು, ಕನ್ನಡಕದ ಡಬ್ಬಿ, ಸ್ವಂತದ ಮೈಕ್ರೋಮೀಟರು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡರು. ಬಾಗಿಲ ಹತ್ತಿರ ಹೋದವರು ತಿರುಗಿ, "ಎರಡನೇ ಯಂತ್ರದ ಹಲ್ಲು ಸವೆದಿದೆ. ನಾಳೆ ಬದಲಾಯಿಸಲು ಹೇಳು," ಎಂದರು. ನನಗೆ ಹೇಳಿದ ಕೊನೆಯ ಮಾತು ಅದು ಅಂದುಕೊಂಡಿದ್ದೆ.

ಕೀತ್ ಆ ಹಾಳೆಯನ್ನು ನನ್ನ ಮುಂದೆ ಇಟ್ಟ. ಮೊದಲ ಸಹಿಯ ಜಾಗದಲ್ಲಿ ನನ್ನ ಹೆಸರು ಬರೆದೆ.

ಆ ಭಾನುವಾರ ಹತ್ತಿರದ ಟಿವಿಡೇಲ್ ಗುಡಿಗೆ ಹೋಗಿದ್ದೆವು. ಊಟದ ಹಾಲಿನಲ್ಲಿ ಪರಿಚಯದ ಡಾಕ್ಟರೊಬ್ಬರ ಹೆಂಡತಿ ಸಿಕ್ಕರು. ಸುಮ್ಮನೆ ಯಾರದೋ ಕಥೆಯೆಂಬಂತೆ ಹೇಳಿದೆ. "ಅವರು ಮಾಡದಿದ್ರೆ ಇನ್ನೊಬ್ರು ಮಾಡ್ತಾರೆ ಬಿಡಿ," ಎಂದು ನನ್ನ ತಟ್ಟೆಗೆ ಇನ್ನಷ್ಟು ಪುಳಿಯೋಗರೆ ಹಾಕಿಸಿದರು. ಆ ಮಾತು ಸೋಮವಾರದವರೆಗೆ ಸಮಾಧಾನ ಕೊಟ್ಟಿತು. ಸೋಮವಾರ ಬೆಳಿಗ್ಗೆ ಪೆನ್ನು ಕೈಗೆತ್ತಿಕೊಂಡಾಗ, ಆ ಇನ್ನೊಬ್ಬರು ನಾನೇ ಎಂದು ಹೊಳೆಯಿತು.

ಮತ್ತೆ ಏಳು ತಿಂಗಳು ಸಹಿ ಹಾಕಿದೆ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಯುದ್ಧದ ಸುದ್ದಿ ಬಂದರೆ ಚಾನೆಲ್ ಬದಲಾಯಿಸುತ್ತಿದ್ದೆ. ಬೆಳಿಗ್ಗೆ ಏಳುವಾಗಲೇ ದಣಿದಿರುತ್ತಿದ್ದೆ. ಜಿಪಿ ಡಾಕ್ಟರ ಹತ್ತಿರ ಹೋದರೆ ರಕ್ತಪರೀಕ್ಷೆ ಮಾಡಿಸಿ ಎಲ್ಲ ಸರಿಯಿದೆ ಎಂದರು. ಅಕ್ಟೋಬರಿನಲ್ಲಿ ಸೆಟಲ್‌ಮೆಂಟಿನ ಕಾಗದ ಬಂತು. ಗಿರೀಶ ಜಿಲೇಬಿ ತಂದರು. ಮುಂದಿನ ವಾರವೇ ರಾಜೀನಾಮೆ ಕೊಟ್ಟೆ. ಕೀತ್ ಯಾಕೆಂದು ಕೇಳಲಿಲ್ಲ. ಕೈ ಕುಲುಕಿ, ಕಿಟಕಿಯ ಕಡೆ ತಿರುಗಿ ನಿಂತ.

ಆಮೇಲೆ ನಾಸಿರ್ ಮನೆಗೆ ಹೋದೆ. ಅಷ್ಟು ದಿನ ಧೈರ್ಯ ಬಂದಿರಲಿಲ್ಲ. ತಪ್ಪಾಯಿತು ಎಂದು ಹೇಳಬೇಕು, ಏಳು ತಿಂಗಳು ನಾನೇ ಸಹಿ ಹಾಕಿದೆ, ಈಗ ಬಿಟ್ಟೆ ಎಂದೂ ಹೇಳಬೇಕು. ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತ ಹೋದೆ. ಮನೆಯ ಮುಂದೆ ಚಪ್ಪಲಿ, ಶೂಗಳ ರಾಶಿ. ಬಾಗಿಲು ತೆರೆದೇ ಇತ್ತು. ನಾಸಿರ್ ಹೆಂಡತಿ ನನ್ನನ್ನು ನೋಡಿ, ಸುದ್ದಿ ಕೇಳಿಯೇ ಬಂದಿದ್ದೇನೆ ಅಂದುಕೊಂಡು ಅಪ್ಪಿಕೊಂಡರು. ಹಲೀಮಾಳ ಮಗ ಯಾಹ್ಯಾ ಸತ್ತು ಮೂರು ದಿನವಾಗಿತ್ತು. ಕರಾವಳಿ ಕಡೆಯ ಗುಡ್ಡವೊಂದರ ಮೇಲೆ, ದಕ್ಷಿಣದ ಪಡೆಯ ಎದುರು ಹೋರಾಡುವಾಗ. ಸಾಲೆಹ್ ಇದ್ದದ್ದೂ ಅದೇ ಕರಾವಳಿಯ ಪಡೆಯಲ್ಲಿ.

ಬಂದವರೆಲ್ಲ ಹೋದ ಮೇಲೆ ನಾಸಿರ್ ತಂಗಿಗೆ ಫೋನ್ ಮಾಡಿದರು. ಆಮೇಲೆ ಅದೇ ಕರೆಗೆ ತಮ್ಮನನ್ನೂ ಸೇರಿಸಿದರು. ನಾನು ಏಳಲು ಹೋದರೆ ಅವರ ಹೆಂಡತಿ ಕೈ ಹಿಡಿದು ಕೂರಿಸಿದರು. ಫೋನು ಮೇಜಿನ ಮೇಲಿತ್ತು, ಸ್ಪೀಕರ್ ಹಾಕಿತ್ತು. ಆ ಕಡೆ ಎಲ್ಲೋ ಕೋಳಿ ಕೂಗುವುದು ಕೇಳುತ್ತಿತ್ತು, ಸನಾದಲ್ಲೋ, ಏಡನ್ನಿನಲ್ಲೋ. ಕೊನೆಗೆ ಹಲೀಮಾ ಅರಬ್ಬಿಯಲ್ಲಿ ಏನೋ ಕೇಳಿದಳು. ಸಾಲೆಹ್ ಉತ್ತರಿಸಿದ. ಅವಳು ಒಂದೇ ಮಾತು ಹೇಳಿದಳು. ಫೋನ್ ನಿಂತಿತು.

ನಾಸಿರ್ ನನ್ನ ಕಡೆ ನೋಡದೆಯೇ ಅದನ್ನು ಹೇಳಿದರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಅಲ್ಲಿ ನಿನಗೆ ಅವನು ಕಂಡಿದ್ನಾ ಅಂತ ಕೇಳಿದಳು. ಇಲ್ಲ, ದೂರ ಇತ್ತು ಅಂದ. ಸರಿ ಹಾಗಾದರೆ ಅಂದಳು."

ಬಸ್ ಸ್ಟಾಪಿನವರೆಗೆ ನನ್ನ ಜೊತೆ ಬಂದರು. ಬೇಡವೆಂದರೂ ಕೇಳಲಿಲ್ಲ. ಸಣ್ಣಗೆ ಹನಿಯುತ್ತಿತ್ತು. ತಲೆಗೆ ಏನೂ ಹಾಕಿಕೊಂಡಿರಲಿಲ್ಲ.

"ನಿಮಗೆ ಒಂದು ವಿಷಯ ಹೇಳಬೇಕು ಅಂತ ಬಂದಿದ್ದೆ," ಅಂದೆ.

"ಗೊತ್ತು ಬ್ಯಾಬ್. ನೀನು ಬಿಟ್ಟಿದ್ದನ್ನ ಕೀತ್ ಹೇಳಿದ." ಬಸ್ಸು ಬರುವ ದಿಕ್ಕಿಗೆ ತಿರುಗಿದರು. "ಇವತ್ತು ಬೇಡ. ಇವತ್ತು ಯಾರನ್ನೂ ಕ್ಷಮಿಸೋ ಶಕ್ತಿ ನನಗಿಲ್ಲ. ಇನ್ನೊಂದು ದಿನ ಬಾ."

ಇನ್ನೊಂದು ದಿನ ಹೋದೆ. ಆಮೇಲೂ ಎಷ್ಟೋ ಸಲ ಹೋಗಿದ್ದೇನೆ. ಅವರ ಹೆಂಡತಿ ಏಲಕ್ಕಿ ಹಾಕಿದ ಚಹಾ ಕೊಡುತ್ತಾರೆ. ಏಡನ್ನಿನಲ್ಲಿ ಸೌದಿಯವರ ಕಡೆಯವರೂ ಎಮಿರೇಟ್ಸ್‌ನವರ ಕಡೆಯವರೂ ತಮ್ಮತಮ್ಮಲ್ಲೇ ಗುಂಡು ಹಾರಿಸಿಕೊಂಡದ್ದು, ಸಾಲೆಹ್ ಬಂದೂಕು ಬಿಟ್ಟು ಮೀನಿನ ದೋಣಿಗೆ ಹೋದದ್ದು, ಬೆಳಿಗ್ಗೆ ಹೊರಟರೆ ಊಟಕ್ಕೆ ಮುಟ್ಟುತ್ತಿದ್ದ ಏಡನ್–ಸನಾ ದಾರಿಗೆ ಗುಡ್ಡ ಸುತ್ತಿ ದಿನವಿಡೀ ಬೇಕಾದದ್ದು, ಎಲ್ಲ ಅವರ ಬಾಯಿಂದಲೇ ಕೇಳಿದ್ದೇನೆ. ನನ್ನ ಮಗಳ ಓದು, ಅವರ ಮಂಡಿನೋವು, ಎಲ್ಲ ಮಾತಾಡುತ್ತೇವೆ. ಅವತ್ತು ಹೇಳಲು ಹೋದ ಮಾತನ್ನು ನಾನು ತೆಗೆದಿಲ್ಲ. ಅವರೂ ಕೇಳಿಲ್ಲ.